ದವಡೆಗೆ ಕಾಯಿಸಿದ ಕಬ್ಬಿಣ

ಅರ್ವಾಳಿಗೆ ರೊಟ್ಟಿ ಕಚ್ಚಲು ಆಗದೆ ಬಹಳ ದಿನಗಳಾಗಿದ್ದವು. ಸಾರಿನಲ್ಲಿ ನೆನೆಸಿ ನುಂಗುತ್ತಿದ್ದಳು. ಬಾಯಿ ತೆರೆದರೆ ಕಿವಿಯ ಹತ್ತಿರ ‘ಕಟಕ್’ ಎನ್ನುತ್ತಿತ್ತು. ಬೆಳಗ್ಗೆ ಎದ್ದಾಗಲಂತೂ ದವಡೆಗೆ ಬೀಗ ಬಿದ್ದ ಹಾಗೆ.

ತಾಯಿಝ್ ಪಟ್ಟಣದ ನಮ್ಮ ಓಣಿಯಲ್ಲಿ ಇಂಥ ನೋವಿಗೆ ಎಲ್ಲರೂ ಹಲ್ಲನ್ನೇ ದೂರುತ್ತಾರೆ. ಸಂತೆಯಲ್ಲಿ ಹಲ್ಲು ಕೀಳುವವನು ಅವಳ ಎರಡು ದವಡೆಹಲ್ಲು ಕಿತ್ತ. ಎರಡೂ ಗಟ್ಟಿ ಹಲ್ಲು. ನೋವು ಹೋಗಲಿಲ್ಲ. ಅವಳ ಅತ್ತೆ ಮಿಸ್ಕ್, ಬಾಯಲ್ಲಿ ಅಗಿಯುವ ಲುಬಾನ್ ಎಂಬ ಮರದ ಅಂಟು ತಂದುಕೊಟ್ಟು, “ಅಗೀತಾ ಇರು, ಸಡಿಲಾಗುತ್ತೆ” ಎಂದಳು. ಅಗಿದು ಅಗಿದು ದವಡೆ ಇನ್ನಷ್ಟು ಬಿಗಿಯಿತು. ಈಗ ಚಮಚ ಒಳಗೆ ಹೋಗುವುದೇ ಕಷ್ಟ.

ಯಾವ ಮದ್ದಿಗೂ ಬಗ್ಗದ ನೋವಿಗೆ ನಮ್ಮಲ್ಲಿ ಬರೆ ಹಾಕುತ್ತಾರೆ. ಆ ಬೆಳಗ್ಗೆ ಮಿಸ್ಕ್ ರೊಟ್ಟಿಯ ಒಲೆಯಲ್ಲಿ ಕಬ್ಬಿಣದ ಕಡ್ಡಿ ಇಟ್ಟಿದ್ದಳು. ಅರ್ವಾಳ ತಲೆ ಹಿಡಿದುಕೊಳ್ಳಲು ಗಂಡ ಹಾಯಿಲ್ ಕೂತಿದ್ದ. ಪಕ್ಕದ ಮನೆಯ ನಜ್ಮಿಯಾ ರೊಟ್ಟಿ ಸುಡಲು ಹಿಟ್ಟು ಹೊತ್ತು ಬಂದಳು.

“ಏನ್ ಚಿಕ್ಕಮ್ಮಾ, ಇವತ್ತು ಕಬ್ಬಿಣ ಬೇಯಿಸ್ತಿದ್ದೀರಾ?”

“ನಗಬೇಡ ಕಣೇ. ಕಿವಿ ಹಿಂದೆ ಒಂದು ಬರೆ ಎಳೆದ್ರೆ ಸರಿಹೋಗುತ್ತೆ.”

ನಜ್ಮಿಯಾ ಹಿಟ್ಟನ್ನು ಕೆಳಗಿಟ್ಟಳು. “ಹಾಯಿಲ್, ನಿನ್ನ ಹೆಂಡ್ತಿ ನಿದ್ದೆಯಲ್ಲಿ ಹಲ್ಲು ಕಡೀತಾಳಾ?”

“ಕಡಿಯೋದಾ? ಬೀಸೋ ಕಲ್ಲಿನ ಥರ. ಊರ ಮೇಲೆ ಯುದ್ಧದ ಶೆಲ್ ಬೀಳೋಕೆ ಶುರುವಾದಾಗಿಂದ ಹಿಂಗೇ.”

“ಇದನ್ನ ಯಾರಿಗೂ ಹೇಳಲಿಲ್ವಾ?”

“ಯಾರೂ ಕೇಳಲಿಲ್ಲವಲ್ಲ ಅಕ್ಕ.”

“ಚಿಕ್ಕಮ್ಮಾ, ನಿಮ್ಮ ಬೆರಳು ಇವಳ ಕಿವಿ ಮುಂದೆ ಇಡಿ. ಅರ್ವಾ, ಆದಷ್ಟು ಬಾಯಿ ತೆರಿ.”

ಮಿಸ್ಕಳ ಬೆರಳ ಕೆಳಗೆ ಮೂಳೆ ಜಾರಿ ‘ಕಟಕ್’ ಎಂದಿತು. ಅರ್ವಾಳ ಕಣ್ಣಲ್ಲಿ ನೀರು.

“ಇಲ್ಲಿ ಹಲ್ಲೇ ಇಲ್ಲವಲ್ಲೇ!”

“ಇಲ್ಲ. ಇದು ದವಡೆಯ ಕೀಲು. ನಿದ್ದೆಯಲ್ಲೂ ಅದಕ್ಕೆ ಬಿಡುವಿಲ್ಲ, ಹಗಲಲ್ಲಿ ನೀವು ಲುಬಾನ್ ಬೇರೆ ಅಗಿಸಿದ್ರಿ. ನಂಗೂ ಇದೇ ಇತ್ತು. ಹಲ್ಲಿನ ಡಾಕ್ಟರು ರಾತ್ರಿ ಹಲ್ಲಿನ ಮೇಲೆ ಹಾಕ್ಕೊಳ್ಳೋ ಕವಚ ಮಾಡಿಕೊಟ್ರು.” ಅವಳು ಮನೆಗೆ ಹೋಗಿ ತನ್ನ ಕವಚದ ಡಬ್ಬಿ ತಂದು ತೆರೆದು ತೋರಿಸಿದಳು.

“ಥೂ! ಯಾರೋ ಸತ್ತವರ ಹಲ್ಲಿದ್ದಂಗಿದೆ” ಎಂದಳು ಮಿಸ್ಕ್. ಅವಳು ಸೊಸೆಯ ಬೋಳು ವಸಡನ್ನೇ ನೋಡುತ್ತಿದ್ದಳು. ಆಮೇಲೆ ಇಕ್ಕಳದಿಂದ ಕಡ್ಡಿಯನ್ನು ಒಲೆಯಿಂದ ತೆಗೆದು ನೀರಿಗೆ ಹಾಕಿದಳು.

ಅರ್ವಾ ನಜ್ಮಿಯಾ ಹೇಳಿದ ದಂತವೈದ್ಯೆಯ ಬಳಿ ಹೋದಳು. ಅವರು ಪರೀಕ್ಷೆ ಮಾಡಿ, ಅರ್ವಾಳ ಹಲ್ಲಿನ ಅಚ್ಚು ತೆಗೆದು ಕವಚ ಮಾಡಿಕೊಟ್ಟರು. “ಮಲಗುವಾಗ ಹಾಕ್ಕೋ. ತಣ್ಣೀರಲ್ಲೇ ತೊಳಿ, ಬಿಸಿನೀರು ತಾಗಿದ್ರೆ ಸೊಟ್ಟಗಾಗುತ್ತೆ. ಅಂಟು ಅಗೀಬೇಡ. ಮೆತ್ತಗಿನ ಊಟ ಮಾಡು, ದವಡೆಗೆ ಬಿಸಿಬಟ್ಟೆಯ ಶಾಖ ಕೊಡು. ಎಚ್ಚರವಿದ್ದಾಗ ಹಲ್ಲಿಗೆ ಹಲ್ಲು ತಾಗಿಸಬೇಡ. ನೋವು ಒಂದೇ ದಿನಕ್ಕೆ ಹೋಗಲ್ಲ, ಆದ್ರೆ ಹೆಚ್ಚಾಗದ ಹಾಗೆ ತಡೀಬಹುದು” ಎಂದರು.

ಶೆಲ್ ಬೀಳುವುದು ನಿಂತಿಲ್ಲ. ಅರ್ವಾಳ ಹಲ್ಲು ಕಡಿತವೂ ಪೂರ್ತಿ ನಿಂತಿಲ್ಲ. ಆದರೆ ಈಗ ಕಡಿತದ ಏಟು ಕವಚಕ್ಕೆ ಬೀಳುತ್ತದೆ. ತಿಂಗಳುಗಳ ಮೇಲೆ ಅವಳು ಮೊನ್ನೆ ರೊಟ್ಟಿಯ ಅಂಚು ಕಚ್ಚಿದಳು. ಕಿತ್ತ ಹಲ್ಲುಗಳ ಜಾಗ ಮಾತ್ರ ಖಾಲಿಯೇ.

ಅಕ್ಕತಂಗಿಯರೇ, ಕಿವಿಯ ಮುಂದೆ ನೋವಿದ್ದರೆ, ಬಾಯಿ ಸಿಕ್ಕಿಕೊಂಡಂತಾದರೆ, ಮೊದಲು ದಂತವೈದ್ಯರಿಗೆ ತೋರಿಸಿ. ಕವಚವನ್ನು ಅವರೇ ಅಳತೆ ತೆಗೆದು ಕೊಡಲಿ, ಬೇರೆಯವರದು ಹಾಕಿಕೊಳ್ಳಬೇಡಿ. ಮತ್ತು ಇಂದೇ ನಿಮ್ಮ ಪಕ್ಕದಲ್ಲಿ ಮಲಗುವವರನ್ನು ಕೇಳಿ: ನಿದ್ದೆಯಲ್ಲಿ ನಾನು ಹಲ್ಲು ಕಡಿಯುತ್ತೇನೆಯೇ? ನಿಮಗೆ ಕೇಳಿಸದೆ ಹೋದದ್ದು ಅವರಿಗೆ ಕೇಳಿಸಿರುತ್ತದೆ.