ಕ್ರಿಸ್ಪೀನ್ ಮೇಷ್ಟರ ಐವತ್ತೆಂಟು ಸ್ಲೈಡು

ಕ್ರಿಸ್ಪೀನ್ ಬೆನೇಗಸ್ ಒಂದು ಸೊಳ್ಳೆಗೆ ಐವತ್ತೆಂಟು ಸ್ಲೈಡು ಮಾಡಿದ್ದ. ಇಡೀ ಪರಾಗ್ವೆಯಲ್ಲಿ ಸೊಳ್ಳೆಗೆ ಅಷ್ಟು ಮರ್ಯಾದೆ ಮಾಡಿದವರು ಇನ್ನೊಬ್ಬರಿರಲಿಕ್ಕಿಲ್ಲ. ಮೊಟ್ಟೆ ಎಡಗಡೆಯಿಂದ ಗಿರಗಿರ ತಿರುಗುತ್ತ ಬರುತ್ತಿತ್ತು, ಮರಿಹುಳ ಮೇಲಿಂದ ದೊಪ್ಪನೆ ಬೀಳುತ್ತಿತ್ತು, ಅಕ್ಷರಗಳು ಒಂದೊಂದಾಗಿ ಟಪಟಪ ಉದುರುತ್ತಿದ್ದವು. ಸ್ಲೈಡಿಗೆ ಹನ್ನೆರಡು ಸಾಲು. ಮಕ್ಕಳಿಗೆ ಬೆನ್ನು ಮಾಡಿ ಆ ಸಾಲುಗಳನ್ನು ಗಟ್ಟಿಯಾಗಿ ಓದುವುದಕ್ಕೆ ಅವನು ಪಾಠ ಎನ್ನುತ್ತಿದ್ದ.

ಪಾಪ, ಅವನನ್ನೇ ಬೈದು ಏನು ಪ್ರಯೋಜನ? ಮೂರು ವರ್ಷದಿಂದ ಹಂಗಾಮಿ ಮೇಷ್ಟ್ರು. ಗುರುವಾರ ಸೂಪರ್‌ವೈಸರ್ ಒಬ್ದುಲಿಯಾ ಅಮ್ಮನವರು, ಊರವರ ಬಾಯಲ್ಲಿ ‘ಡೋನ್ಯಾ’, ಅವನ ಮಾದರಿ ಪಾಠ ನೋಡಲು ಬರುವವರಿದ್ದರು. ಅವರು ಸಹಿ ಹಾಕಿದರೆ ನೌಕರಿ ಕಾಯಂ. ಇಲ್ಲವಾದರೆ ಡಿಸೆಂಬರಿನಿಂದ ಅಣ್ಣನ ಇಟ್ಟಿಗೆ ಭಟ್ಟಿಯೇ ಗತಿ. ಅವರ ಫಾರಮ್ಮಿನಲ್ಲಿ ‘ತೋರಿಸಿದ ಸ್ಲೈಡುಗಳು, ಕನಿಷ್ಠ ಇಪ್ಪತ್ತು’ ಎಂಬ ಸಾಲೊಂದಿತ್ತು. ಇಪ್ಪತ್ತಕ್ಕೆ ಪಾಸು ಮಾಡುವವರು ಐವತ್ತೆಂಟಕ್ಕೆ ಹಾರವನ್ನೇ ಹಾಕಿಯಾರು ಎಂದು ಕ್ರಿಸ್ಪೀನ್ ಲೆಕ್ಕ ಹಾಕಿದ್ದ.

ಬುಧವಾರ ಮಧ್ಯಾಹ್ನ ಅಂಗಳದಲ್ಲಿ ಅವನ ಚಿಕ್ಕಮ್ಮ ಪೆರ್ಪೆತುವಾ ಮತ್ತು ಪಕ್ಕದ ಮನೆಯ ಮುದುಕ ಎಲಿಯೋದೋರೋ ತೆರೆರೆ ಕುಡಿಯಲು ಕೂತಿದ್ದರು. ಇದ್ದವರಲ್ಲಿ ಕಿರಿಯನೇ ಹೊಯ್ಯಬೇಕು, ಹಾಗಾಗಿ ತಣ್ಣೀರಿನ ಫ್ಲಾಸ್ಕು ಕ್ರಿಸ್ಪೀನನ ಕೈಗೆ ಬಂತು. ಒಣಸೊಪ್ಪು ತುಂಬಿದ ಕೊಂಬಿನ ಲೋಟ ಎಲ್ಲರಿಗೂ ಸೇರಿ ಒಂದೇ. ನೀರು ಹೊಯ್ದು ಒಬ್ಬರಿಗೆ ಕೊಡಬೇಕು, ಅವರು ಕೊಳವೆಯಲ್ಲಿ ಹೀರಿ ಖಾಲಿ ಮಾಡಿ ವಾಪಸು ಕೊಟ್ಟ ಮೇಲಷ್ಟೇ ಮತ್ತೊಬ್ಬರಿಗೆ. ಅವನು ಲ್ಯಾಪ್‌ಟಾಪನ್ನು ಕುರ್ಚಿಯ ಮೇಲಿಟ್ಟು, ಒಂದು ಕೈಯಲ್ಲಿ ನೀರು ಹೊಯ್ಯುತ್ತ ಇನ್ನೊಂದು ಕೈಯಲ್ಲಿ ಸ್ಲೈಡು ತಳ್ಳುತ್ತ ಪಾಠದ ತಾಲೀಮು ಶುರು ಮಾಡಿದ.

ಒಂಬತ್ತನೆಯ ಸ್ಲೈಡಿಗೆ ಎಲಿಯೋದೋರೋ ನಿದ್ದೆ ಹೋದ. ಹದಿನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಸ್ಲೈಡು ತಳ್ಳುವ ಅವಸರ ನೀರು ಹೊಯ್ಯುವ ಕೈಗೂ ಹತ್ತಿತ್ತು. ಚಿಕ್ಕಮ್ಮ ಇನ್ನೂ ಕುಡಿಯುತ್ತಿರುವಾಗಲೇ ಅವನು ಲೋಟಕ್ಕೆ ಕೈ ಹಾಕಿ ಎಳೆದ. ಆ ಊರಲ್ಲಿ ಉಣ್ಣುವವರ ತಟ್ಟೆಯನ್ನಾದರೂ ಎಳೆಯಬಹುದು, ಇದನ್ನು ಮಾತ್ರ ಮಾಡುವ ಹಾಗಿಲ್ಲ. ಚಿಕ್ಕಮ್ಮ ಕೊಳವೆಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಳು.

“ಕೈ ಬಿಡು. ಇನ್ನೂ ಅರ್ಧ ಇದೆ.”

“ತಪ್ಪಾಯ್ತು ಚಿಕ್ಕಮ್ಮ. ಹದಿನೈದನೇದು ಬರ್ಬೇಕಿತ್ತು, ಅದಕ್ಕೇ...”

“ಹದಿನೈದು ಹಾಳಾಗ್ಲಿ, ಮೂರನೇದ್ರಲ್ಲಿ ಏನಿತ್ತು ಅಂತ ಕೇಳು ನನ್ನ.”

“ಏನಿತ್ತು?”

“ಯಾವನಿಗೆ ಗೊತ್ತು? ನೋಡೋದ್ರೊಳಗೆ ಓಡಿಸ್ಬಿಟ್ಟೆ. ಈಗ ಲೋಟಾನೂ ಹಂಗೇ ಕಿತ್ಕೋತಿದೀಯ. ಹತ್ತು ವರ್ಷದ ಹುಡುಗ ಆಗಿದ್ದಾಗ್ಲಿಂದ ಹೊಯ್ತಿದೀಯಲ್ಲೋ, ಕುಡಿಯೋರು ಮುಗಿಸೋವರ್ಗೂ ಕಾಯ್ಬೇಕು ಅನ್ನೋದನ್ನ ಇವತ್ತು ಹೇಳ್ಕೊಡ್ಬೇಕಾ ನಿಂಗೆ?”

ಎಲಿಯೋದೋರೋ ಒಂದು ಕಣ್ಣು ತೆರೆದ. “ಸೊಳ್ಳೆ ಸತ್ತಿತಾ?”

“ಇನ್ನೂ ಮೊಟ್ಟೇನೇ ಒಡೆದಿಲ್ಲ. ನೀವು ಮಲ್ಕೊಳ್ಳಿ,” ಎಂದಳು ಚಿಕ್ಕಮ್ಮ.

ಕ್ರಿಸ್ಪೀನನಿಗೆ ಸಿಟ್ಟು ಬಂತು, ಅದರ ಹಿಂದೆಯೇ ನಾಚಿಕೆಯೂ ಬಂತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿಸಿದ್ದೇನೆ ಎಂದು ಅವನಿಗೇ ಅನ್ನಿಸತೊಡಗಿತು. ಸಂಜೆಯೊಳಗೆ ಗಿರಗಿರ, ಟಪಟಪ ಎಲ್ಲವನ್ನೂ ಅಳಿಸಿ ಹಾಕಿದ. ಫಾರಮ್ಮಿನ ಭಯಕ್ಕೆ ಸರಿಯಾಗಿ ಇಪ್ಪತ್ತು ಉಳಿಸಿಕೊಂಡ. ಬರೀ ಚಿತ್ರ, ಅಕ್ಷರವೇ ಇಲ್ಲ.

ಗುರುವಾರ ಡೋನ್ಯಾ ಒಬ್ದುಲಿಯಾ ಆರನೇ ತರಗತಿಯ ಕೊನೆಯ ಬೆಂಚಿನಲ್ಲಿ ಫಾರಮ್ಮು ಹಿಡಿದು ಕೂತರು. ಗೋಡೆಯ ಮೇಲೆ ಮೊದಲ ಚಿತ್ರ ಬಂತು. ಡಬ್ಬದಲ್ಲಿ ನಿಂತ ನೀರು, ಅದರಲ್ಲಿ ತಲೆಕೆಳಗಾಗಿ ನೇತಾಡುವ ಸಣ್ಣ ಹುಳಗಳು.

“ಏನು ಕಾಣ್ತಿದೆ?” ಎಂದು ಕೇಳಿ ಕ್ರಿಸ್ಪೀನ್ ಬಾಯಿ ಮುಚ್ಚಿದ.

ಇಷ್ಟು ದಿನ ಮೇಷ್ಟರೇ ಓದಿ ಹೇಳುತ್ತಿದ್ದರಲ್ಲ, ಇವತ್ತೇನಾಯಿತು ಎಂದು ಮಕ್ಕಳು ಅವನನ್ನೇ ನೋಡಿದರು. ಡೋನ್ಯಾ ಗಡಿಯಾರ ನೋಡಿಕೊಂಡರು. ಕ್ರಿಸ್ಪೀನನ ಹೆಬ್ಬೆರಳು ರಿಮೋಟಿನ ಗುಂಡಿ ಒತ್ತಲು ತುರಿಸುತ್ತಿತ್ತು, ಆದರೂ ಕಾದ.

“ಪ್ರೊಫೆ,” ಎಂದು ಮೇಷ್ಟರನ್ನು ಕರೆದಳು ಲಿದುವಿನಾ ಎಂಬ ಹುಡುಗಿ, “ಅವು ತಲೆಕೆಳಗೆ ಯಾಕಿವೆ?”

“ಬಾಲದಲ್ಲಿ ಉಸಿರಾಡ್ತವೇನೋ,” ಎಂದ ಅವಳ ಹಿಂದೆ ಕೂತ ತೆಯೋಫಿಲೋ.

“ಬಾಲದಲ್ಲಿ ಯಾರಾದ್ರೂ ಉಸಿರಾಡ್ತಾರೇನೋ, ಪೆದ್ದ?”

“ಮತ್ತೆ ನಿಮ್ಮಪ್ಪ ಗೊರಕೆ ಹೊಡೆಯೋದು ಎಲ್ಲಿಂದ?”

ತರಗತಿ ಬಿದ್ದು ಬಿದ್ದು ನಕ್ಕಿತು. ತೆಯೋಫಿಲೋ ಹೇಳಿದ್ದು ಸರಿಯೆಂದು ಕ್ರಿಸ್ಪೀನ್ ಹೇಳಿದ್ದೇ ತಡ, ಪ್ರಶ್ನೆಗಳು ಮುಗಿಬಿದ್ದವು. ಆ ಬಾಲದ ಮೂಗು ಎಷ್ಟುದ್ದ, ಎಣ್ಣೆ ಹಾಕಿದರೆ ಉಸಿರು ಕಟ್ಟುತ್ತದಾ, ಅಜ್ಜಿಗೆ ಡೆಂಗಿ ಬಂದದ್ದು ಇದರಿಂದಲೇನಾ. ಇಪ್ಪತ್ತೈದು ನಿಮಿಷ ಕಳೆಯಿತು. ಉಳಿದದ್ದು ಹದಿನೈದು ನಿಮಿಷ, ಹತ್ತೊಂಬತ್ತು ಸ್ಲೈಡು.

“ಪ್ರೊಫೆ, ಅಂಥದೇ ಡಬ್ಬ ನಮ್ಮ ಶಾಲೆ ಹಿತ್ತಲಲ್ಲೂ ಇದೆ,” ಎಂದಳು ಲಿದುವಿನಾ. “ಹೋಗಿ ನೋಡೋಣ್ವಾ?”

ಈಗ ಗುಂಡಿ ಒತ್ತುತ್ತ ಹೋದರೆ ಇಪ್ಪತ್ತು ಆಗಿಯೇ ಆಗುತ್ತದೆ, ನೌಕರಿ ಉಳಿಯುತ್ತದೆ. ಮಕ್ಕಳು ಆಗಲೇ ಅರ್ಧ ಎದ್ದು ನಿಂತಿದ್ದರು. ಆದದ್ದಾಗಲಿ ಎಂದು ಕ್ರಿಸ್ಪೀನ್ ರಿಮೋಟನ್ನು ಮೇಜಿನ ಮೇಲಿಟ್ಟು ಬಾಗಿಲು ತೆರೆದ.

ಹುಳ ಡಬ್ಬದಲ್ಲಿತ್ತು, ಹೆಡ್‌ಮಿಸ್ಟ್ರೆಸ್ಸರ ಹೂಕುಂಡದ ತಟ್ಟೆಯಲ್ಲಿತ್ತು. ಆಮೇಲೆ ಲಿದುವಿನಾ ಗೇಟಿನ ಬಳಿ ನಿಂತ ಪಿಕಪ್ ಗಾಡಿ ಹತ್ತಿ, ಹಿಂದೆ ಬಿದ್ದಿದ್ದ ಹಳೇ ಟೈರಿನೊಳಗೆ ಇಣುಕಿ, “ಇಲ್ಲಂತೂ ಸಂತೆನೇ ನೆರೆದಿದೆ,” ಎಂದಳು.

“ಯಾರ ಗಾಡಿ ಅದು?” ಎಂದು ಕೇಳಿದರು ಹಿಂದಿನಿಂದ ಬಂದ ಡೋನ್ಯಾ ಒಬ್ದುಲಿಯಾ.

“ನಿಮ್ದೇ,” ಎಂದರು ಮಕ್ಕಳೆಲ್ಲ ಒಟ್ಟಿಗೆ.

ಡೋನ್ಯಾ ಬಗ್ಗಿ ಬಹಳ ಹೊತ್ತು ನೋಡಿದರು. “ಬಾಲ ಮೇಲೇ ಇದೆ, ನಿಜ,” ಎಂದು ತಮ್ಮಷ್ಟಕ್ಕೇ ಹೇಳಿಕೊಂಡು, ಮಕ್ಕಳ ಜೊತೆ ಸೇರಿ ಟೈರು ಮಗುಚಿದರು. ಅವರ ಬೂಟು ಪೂರ್ತಿ ನೆನೆಯಿತು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಖಾಲಿ ತರಗತಿಗೆ ವಾಪಸು ಬಂದು ಡೋನ್ಯಾ ಫಾರಮ್ಮು ತೆರೆದರು.

“ಎಷ್ಟು ಸ್ಲೈಡು ತೋರಿಸಿದ್ರಿ?”

“ಒಂದು.”

“ಇಲ್ಲಿ ಇಪ್ಪತ್ತು ಅಂತಿದೆ.”

“ಗೊತ್ತು ಡೋನ್ಯಾ. ಹತ್ತೊಂಬತ್ತು ಹಂಗೇ ಇವೆ. ಮಕ್ಕಳು ಒಂದನ್ನೇ ಇನ್ನೂ ಮುಗಿಸಿಲ್ಲ.”

ಅವರು ಪೆನ್ನು ಕೆಳಗಿಟ್ಟರು. “ಸ್ಲೈಡು ಬಳಸೋದು ಹೇಗೆ ಅಂತ ಈ ಜಿಲ್ಲೆ ಮೇಷ್ಟ್ರುಗಳಿಗೆಲ್ಲ ತರಬೇತಿ ಕೊಡೋಳು ನಾನೇ. ತೊಂಬತ್ತೆರಡು ಸ್ಲೈಡು, ಆರು ವರ್ಷ. ಇವತ್ತಿನವರೆಗೂ ಒಬ್ರೂ ಒಂದು ಪ್ರಶ್ನೆ ಕೇಳಿಲ್ಲ. ಎಲ್ರಿಗೂ ಅರ್ಥ ಆಗ್ತಿದೆ ಅಂದ್ಕೊಂಡಿದ್ದೆ.” ಆಮೇಲೆ ಕೇಳಿದರು, “ಹೋದ ವರ್ಷ ನೀವೂ ಬಂದಿದ್ರಿ. ಯಾವ ಸ್ಲೈಡು ನೆನಪಿದೆ, ನಿಜ ಹೇಳಿ. ಅದೊಂದನ್ನ ಇಟ್ಕೊಂಡು ಉಳಿದಿದ್ದನ್ನೆಲ್ಲ ತೆಗೆದುಹಾಕ್ತೀನಿ.”

ಕ್ರಿಸ್ಪೀನ್ ಫಾರಮ್ಮಿನ ಕೆಳಗೆ ಸಹಿಗೆ ಬಿಟ್ಟ ಖಾಲಿ ಜಾಗ ನೋಡಿದ. ಬಾಯಿಗೆ ಬಂದ ಒಂದು ಒಳ್ಳೆಯ ಸುಳ್ಳನ್ನು ನುಂಗಿಕೊಂಡ.

“ಊಟದ ವಿರಾಮ ಅಂತ ಒಂದಿತ್ತಲ್ಲ, ಡೋನ್ಯಾ. ಅದು.”

ಡೋನ್ಯಾ ಒಬ್ದುಲಿಯಾ ಬೆಂಚು ಅಲುಗಾಡುವಷ್ಟು ನಕ್ಕರು. ಕಣ್ಣೊರೆಸಿಕೊಂಡು, ಇಪ್ಪತ್ತನ್ನು ಹೊಡೆದು ಹಾಕಿ ಒಂದು ಎಂದು ಬರೆದು, ಕೆಳಗೆ ಸಹಿ ಮಾಡಿದರು.