ಗಾದಿಯ ಮೇಲಿನ ಜಾಗ

"ಅಕ್ಕಾ, ನಾಳೆ ಯುಗಾದಿ. ಅಂಗಡಿ ಪೂಜಿಗೆ ಬಾ. ಗಾದಿ ಮ್ಯಾಲ ನನ್ನ ಬಾಜೂಕ ಕುಂದ್ರು," ಎಂದ ಪರಮೇಶಪ್ಪ.

ಶಿವಬಸವ್ವ ಜೋಳ ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಟ್ಟಳು. ಏಕೀಕರಣವಾದ ವರ್ಷ ಈ ತಮ್ಮನು ಹಿರೇಕೆರೂರಿನಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನು ಹಾಕಿದಾಗ, ತೀರಿಹೋದ ಗಂಡ ಮಾಡಿಸಿದ್ದ ಬಂಗಾರವನ್ನೆಲ್ಲ ಮಾರಿ ಕೊಟ್ಟವಳು ಅವಳೇ. ಅಂದು ಕರಾರು ಬರೆದ ಹಾನಗಲ್ಲಿನ ವಕೀಲರು ಅವಳನ್ನು ಪಕ್ಕಕ್ಕೆ ಕರೆದು ತಿಳಿಸಿ ಹೇಳಿದ್ದರು. ಲಾಭದಲ್ಲಿ ಪಾಲು ಬರುತ್ತದೆ. ಮುಳುಗಿದರೆ ಹಾಕಿದ್ದಷ್ಟೇ ಹೋಗುತ್ತದೆ, ಹೊಲ ಮನೆ ಉಳಿಯುತ್ತವೆ. ಆದರೆ ವ್ಯಾಪಾರದಲ್ಲಿ ಕೈಹಾಕಬಾರದು. ನಾಲ್ಕು ಜನರ ಮುಂದೆ ಮಾಲಕಿಯಂತೆ ಗಾದಿಯ ಮೇಲೆ ಕುಳಿತರೆ, ಅವಳನ್ನು ನಂಬಿ ಸಾಲ ಕೊಟ್ಟವರು ಅವಳ ಬಾಗಿಲಿಗೂ ಬರುತ್ತಾರೆ.

ಇಷ್ಟು ವರ್ಷ ಅವಳು ಹತ್ತಿಯ ಧಾರಣೆ ಕೇಳಿದರೂ ನಕ್ಕು ಮಾತು ತೇಲಿಸುತ್ತಿದ್ದವನು ಈಗ ಗಾದಿಗೆ ಕರೆಯುತ್ತಿದ್ದ. ಸಂಜೆ ಅವನ ಹೆಂಡತಿ ಮಹಾದೇವಕ್ಕ ಹೊಸ ಇಳಕಲ್ ಸೀರೆಯನ್ನೂ ಕಳಿಸಿದಳು. ಶಿವಬಸವ್ವ ಅದರ ಮಡಿಕೆ ಬಿಚ್ಚಲಿಲ್ಲ.

ಮರುದಿನ ಜಿನ್ನಿನ ಅಂಗಡಿಯಲ್ಲಿ, ಸಾಲದ ಮಾತಿಗೆ ಬಂದ ಹುಬ್ಬಳ್ಳಿಯ ಇಬ್ಬರು ಸಾಹುಕಾರರು ಕುಳಿತಿದ್ದರು. ಹತ್ತಿ ಬರುವ ಕಾಲ. ಅಂಗಳದಲ್ಲಿ ಒಂದು ರಾಶಿಯೂ ಇರಲಿಲ್ಲ.

"ಇವ್ರು ನಮ್ಮಕ್ಕಾರು. ಇವ್ರೂ ಮಾಲಕ್ರರೀ. ಹೊಲ ಐತಿ, ಸ್ವಂತ ಮನಿ ಐತಿ," ಎನ್ನುತ್ತ ಪರಮೇಶಪ್ಪ ಗಾದಿಯ ಮೇಲೆ ಸರಿದು ಜಾಗ ಮಾಡಿದ.

ಅವನ ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಅವ್ವ ಸತ್ತ ಮೇಲೆ ಇವಳೇ ಉಣಿಸಿ ಬೆಳೆಸಿದ ಹುಡುಗ. ಕುಳಿತರೆ ಅವನು ಉಳಿದರೂ ಉಳಿದಾನು. ಇಲ್ಲವೇ ಇಬ್ಬರೂ ಮುಳುಗಿಯೇವು.

ಅವಳು ಹೊಸ್ತಿಲ ಬಳಿ ಚಾಪೆಯ ಮೇಲೆ ಗೋಡೆಗೊರಗಿ ಕುಳಿತಳು.

"ನಾ ಮಾಲಕಿ ಅಲ್ರಿ. ಬರೇ ರೊಕ್ಕ ಹಾಕಿದಾಕಿ. ವ್ಯಾಪಾರ ನಮ್ಮ ತಮ್ಮಂದು. ಸಾಲಾನೂ ಅವಂದ."

ಒಬ್ಬ ಸಾಹುಕಾರ ಬಾಯಿಗಿಡಲಿದ್ದ ವೀಳ್ಯದೆಲೆಯನ್ನು ಮರಳಿ ತಟ್ಟೆಗೆ ಹಾಕಿದ. ಮಂಗಳಾರತಿಗೆ ಮೊದಲೇ ಇಬ್ಬರೂ ಬಸ್ಸಿನ ನೆವ ಹೇಳಿ ಎದ್ದುಹೋದರು. ಜಿನ್ನು ಇನ್ನು ಉಳಿಯುವುದಿಲ್ಲ, ಅದರೊಳಗೆ ಹಾಕಿದ ತನ್ನ ಬಂಗಾರವೂ ತಿರುಗಿ ಬರುವುದಿಲ್ಲ ಎಂಬುದು ಶಿವಬಸವ್ವನಿಗೆ ತಿಳಿಯಿತು.

ಅವಳು ಹೊರಟಾಗ ಪರಮೇಶಪ್ಪ ಬರಿಗಾಲಲ್ಲೇ ಹಿಂದೆ ಬಂದ. ಬೈಯುತ್ತಾನೆ ಅಂದುಕೊಂಡಳು. ಅವನು ಗೋಡೆಯಿಂದ ಅವಳ ಸೆರಗಿಗೆ ಹತ್ತಿದ್ದ ಅರಳೆಯ ಎಳೆಗಳನ್ನು ಒಂದೊಂದಾಗಿ ಬಿಡಿಸತೊಡಗಿದ. ಅವನು ಮುಗಿಸುವವರೆಗೂ ಅವಳು ಕದಲದೆ ನಿಂತಳು. ಕೈ ಮಾತ್ರ ಸೊಂಟಕ್ಕೆ ಸಿಕ್ಕಿಸಿದ ಮನೆಯ ಬೀಗದಕೈಯ ಮೇಲೆಯೇ ಇತ್ತು.