ನೀರಮ್ಮನ ಸಲಾಕೆ

ಮಗಳು ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ಗಾಳಿ ಬುಸ್ಸೆಂದಿತು, ಒಂದು ಹನಿ ಬಿತ್ತು, ಅಷ್ಟೇ.

"ಇನ್ನೂ ಬಂದಿಲ್ವಾ?" ಎದುರುಮನೆಯ ದರ್ಜಿ ಹೊಸ್ತಿಲಲ್ಲೇ ನಿಂತು ಕೇಳಿದ.

"ಬಿಡೋರೇ ಇಲ್ಲಿ ಮಲಗಿದಾರಲ್ಲ ಮಾವ."

ಚಾಪೆಯ ಮೇಲಿದ್ದದ್ದು ಅವಳ ತಾಯಿ. ಇಪ್ಪತ್ತೆಂಟು ವರ್ಷ ಬೀದಿಬೀದಿಯ ವಾಲ್ವ್ ತಿರುಗಿಸಿ ನೀರು ಬಿಟ್ಟವಳು. ಎಲ್ಲರ ಬಾಯಲ್ಲೂ ನೀರಮ್ಮ. ನಿನ್ನೆ ಸಂಜೆ ಕೊನೆಯ ವಾಲ್ವ್ ಮುಚ್ಚಿ ಬಂದು ಕೂತವಳು ಮತ್ತೆ ಏಳಲಿಲ್ಲ. ಅವಳು ತಪ್ಪಿಸುವವಳಲ್ಲ ಎಂಬ ಧೈರ್ಯಕ್ಕೆ ಬೀದಿಯಲ್ಲಿ ಯಾರೂ ನೀರು ತುಂಬಿಡುತ್ತಿರಲಿಲ್ಲ. ಹನ್ನೊಂದಕ್ಕೆ ಸ್ಮಶಾನಕ್ಕೆ ಒಯ್ಯುವ ಗಾಡಿ ಬರುತ್ತದೆ. ಅಮ್ಮನಿಗೆ ಸ್ನಾನ ಮಾಡಿಸಲು ಒಂದು ಬಿಂದಿಗೆಯಾದರೂ ಬೇಕಿತ್ತು.

"ಅಮ್ಮ ಇಸ್ಕೊಂಡು ಬರ್ತಿದ್ದ ಕೊಳಾಯಿಯವನ ಸ್ಪ್ಯಾನರು?"

"ಪರವೂರಿನ ಕೆಲಸಕ್ಕೆ ಒಯ್ದಿದಾನೆ. ನಾಟಕದೋರಿಗೆ ಫೋನ್ ಮಾಡಿದೀನಿ. ವಾಲ್ವ್ ತಿರುಗಿಸೋ ಅಮ್ಮನ ಸಲಾಕೆ ತರ್ತಾರಂತೆ."

"ಒಂದು ವರ್ಷದಿಂದ ತರ್ತಾನೇ ಇದಾರೆ, ಪುಣ್ಯಾತ್ಮರು."

*

ಆ ನಾಟಕದ ಮೇಳ ಆಡುತ್ತಿದ್ದದ್ದು ಊರನ್ನು ನಡೆಸುವ ಸಾಮಾನ್ಯರ ಮೇಲೆ ಇಪ್ಪತ್ತಿಪ್ಪತ್ತು ನಿಮಿಷದ ಗೀತನಾಟಕಗಳು. ಒಂದು ನರ್ಸಮ್ಮನದು, ಒಂದು ಅಂಚೆಯವನದು, ಒಂದು ನೀರಮ್ಮನದು. ಮರದ ಸಲಾಕೆ ವೇದಿಕೆಯಲ್ಲಿ ಠಣ್ಣೆನ್ನುವುದಿಲ್ಲವೆಂದು ವರ್ಷದ ಹಿಂದೆ ಅವಳ ಕಬ್ಬಿಣದ್ದನ್ನೇ ಎರವಲು ಪಡೆದರು. ಆಮೇಲೆ ಅವಳು ಕೊಳಾಯಿಯವನ ಸ್ಪ್ಯಾನರ್ ಹಿಡಿದು ವಾಲ್ವ್ ಗುಂಡಿಗಳಲ್ಲಿ ಮಂಡಿಯೂರಿದಳು.

ಮೊದಲ ಪ್ರದರ್ಶನ ಮುಗಿದ ಮೇಲೆ ತನ್ನ ಪಾತ್ರ ಮಾಡಿದ ಗಾಯಕಿಯ ಬಳಿ ಹೋಗಿ, "ಚೆನ್ನಾಗಿ ಹಾಡ್ದೆ ತಾಯಿ. ಆದ್ರೆ ಬಲಕ್ಕೆ ತಿರುಗಿಸ್ತಾ ಇದೀಯ. ಅದು ಮುಚ್ಚೋದು. ಬಿಡೋದು ಎಡಕ್ಕೆ" ಎಂದಿದ್ದಳು.

"ಎಡಕ್ಕೆ ತಿರುಗಿಸಿದ್ರೆ ಜನಕ್ಕೆ ನನ್ನ ಬೆನ್ನು ಕಾಣುತ್ತೆ ಅಮ್ಮಾ!"

"ಹಾಗಾದ್ರೆ ಹಾಗೇ ಮಾಡು. ನಿನ್ನ ಮುಖ ಚೆನ್ನಾಗಿದೆ."

*

ಹತ್ತೂವರೆಗೆ ಮೇಳದವರು ಬಂದರು. ಗಾಯಕಿಯ ಕಣ್ಣು ನಿಜವಾಗಿಯೂ ಕೆಂಪಾಗಿತ್ತು. ಕೈಯಲ್ಲಿ ಸಲಾಕೆಯಿತ್ತು, ಹಿಡಿಗೆ ಬಂಗಾರದ ಬಣ್ಣ ಬಳಿದಿದ್ದರು.

"ಕೊಡಿ ಅಕ್ಕಾ, ನಾನು ತಿರುಗಿಸ್ತೀನಿ."

"ಬೇಡಮ್ಮ, ನೀನು ಅಮ್ಮನ ಹತ್ರ ಇರು. ಇಷ್ಟಾದ್ರೂ ನಾನೇ ಮಾಡ್ತೀನಿ. ಐವತ್ತು ಪ್ರದರ್ಶನ ಮಾಡಿದೀನಲ್ಲ."

ಬೀದಿಯೆಲ್ಲ ಕೊಡ ಹಿಡಿದು ಗುಂಡಿಯ ಸುತ್ತ ನಿಂತಿತು. ಗಾಯಕಿ ಸಲಾಕೆ ಇಳಿಸಿ, ಮುಖವನ್ನು ಜನರತ್ತ ತಿರುಗಿಸಿ, ಹಾಡು ಎತ್ತಿಕೊಂಡಳು. ಮೇಳ ದನಿಗೂಡಿಸಿತು.

"ಎಡಕ್ಕೆ ಅಕ್ಕಾ! ಎಡಕ್ಕೆ!" ಮಗಳು ಬಿಂದಿಗೆ ಸಮೇತ ಓಡಿಬಂದಳು. ಹಾಡಿನಲ್ಲಿ ಅವಳ ದನಿ ಯಾರಿಗೂ ಕೇಳಿಸಲಿಲ್ಲ.

ವಾಲ್ವ್ ಬಿಗಿಯಾಗಿತ್ತು. ಗಾಯಕಿ ಮೈಭಾರವನ್ನೆಲ್ಲ ಬಿಟ್ಟು ಬಲಕ್ಕೆ ಒತ್ತಿದಳು. ಒಳಗೆ ಕಟ್ ಎಂದು ಏನೋ ಮುರಿಯಿತು. ಸಲಾಕೆ ಹಗುರವಾಗಿ, ಗಿರಗಿರನೆ ತಿರುಗತೊಡಗಿತು. ನಾಟಕದಲ್ಲಿ ಇಲ್ಲೇ ಚಪ್ಪಾಳೆ ಬೀಳುತ್ತಿತ್ತು. ರೂಢಿಯಿಂದ ಯಾರೋ ಎರಡು ಸಲ ತಟ್ಟಿದರು.

"ಬಂತಾ?" ಗಾಯಕಿ ಕೇಳಿದಳು.

ಮಗಳು ಖಾಲಿ ಬಿಂದಿಗೆ ಎತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ದರ್ಜಿ ಬಂದು, ತೂತಿನ ಮುಚ್ಚಳದ ಬಾಟಲಿಯೊಂದನ್ನು ಅವಳ ಪಕ್ಕದಲ್ಲಿಟ್ಟ.

"ಇಸ್ತ್ರಿಗೆ ಚಿಮುಕಿಸೋ ನೀರು. ಇಷ್ಟೇ ಉಳಿದಿತ್ತು ಕಣಮ್ಮ."

ಬೀದಿಯಲ್ಲಿ ಗಾಡಿಯ ಹಾರ್ನ್ ಕೇಳಿತು. ಮಗಳು ಬಟ್ಟೆ ಒದ್ದೆ ಮಾಡಿ, ಮೊದಲು ತಾಯಿಯ ಬಲಗೈ ಬಿಡಿಸಿ, ಜಡ್ಡುಗಟ್ಟಿದ ಅಂಗೈ ಒರೆಸಿದಳು. ಎಡಗೈಗೆ ಬರುವಾಗ ಬಾಟಲಿ ಖಾಲಿಯಾಗಿತ್ತು.